ಕಣ್ಣು ಬಂದಾವ್ರಿ, ಬಾಯಾರ

ಮಕ್ಕಳ ಕಣ್ಣಿಗೆ ಮದ್ದು ಹಾಕುವ ಕಡೆ ನಗು ತಾನಾಗಿ ಬಂದು ಕೂರುತ್ತದೆ, ಕರೆಯಬೇಕಾಗಿಲ್ಲ. ಎಂಬತ್ತರ ದಶಕದ ಕೊನೆಗೆ ನಾನು ಕಾಗವಾಡದ ಕಡೆ ಒಂದು ಸಣ್ಣ ದವಾಖಾನೆಯಲ್ಲಿ ನರ್ಸ್ ಆಗಿದ್ದೆ; ಊರವರಿಗೆಲ್ಲ ನಾನು 'ಬಾಯಾರ'. ಬೆಳಗ್ಗೆ ಕೃಷ್ಣೆಯ ಮೇಲಿನ ಮಂಜು ಕಬ್ಬಿನ ಹೊಲ ದಾಟಿ ನಮ್ಮ ಕಿಟಕಿಯವರೆಗೂ ಬರುತ್ತಿತ್ತು. ಅದರೊಳಗಿಂದ ತಾಯಂದಿರು ಮೊದಲು ದನಿಯಾಗಿ, ಆಮೇಲೆ ಸೀರೆಯಾಗಿ ಕಾಣಿಸಿಕೊಳ್ಳುತ್ತಿದ್ದರು.

ಸಂತೋಷದ ಸುದ್ದಿ

ಮೈಸೂರು ಕಡೆಯಿಂದ ಹೊಸ ಡಾಕ್ಟರು ಬಂದಿದ್ದರು. ಮೊದಲ ದಿನವೇ ಒಬ್ಬ ತಾಯಿ ಮಗನನ್ನು ಎತ್ತಿಕೊಂಡು ಬಂದು, "ಸಾಹೇಬ್ರ, ಹುಡುಗಗ ಕಣ್ಣು ಬಂದಾವ್ರಿ" ಅಂದಳು.

"ಕಣ್ಣು ಬಂದರೆ ಸಂತೋಷ ಅಲ್ವೇನಮ್ಮಾ?" ಅಂದರು ಡಾಕ್ಟರು.

ಕಣ್ಣು ಕೆಂಪಾಗಿ ಪಿಚ್ಚು ಕಟ್ಟಿದರೆ ಇಲ್ಲಿ ಹಾಗೇ ಅನ್ನುವುದು ಅಂತ ನಾನು ಮೆಲ್ಲಗೆ ಹೇಳಿದೆ. ಔಷಧ ಕೊಟ್ಟು ಕಳಿಸಿದೆವು. ವಾರಕ್ಕೆ ಆಕೆ ಮತ್ತೆ ಬಂದಾಗ ಹುಡುಗನ ಕಣ್ಣು ತಿಳಿಯಾಗಿದ್ದವು. ಡಾಕ್ಟರು ಮಾತ್ರ ಕರಿ ಚಾಳೀಸು ಹಾಕಿಕೊಂಡು ನೀರು ಒರೆಸಿಕೊಳ್ಳುತ್ತಿದ್ದರು.

ಆಕೆ ಬಗ್ಗಿ ನೋಡಿ, "ನಿಮಗೂ ಬಂದಾವೇನ್ರಿ? ಸಂತೋಷ ಆತ ನೋಡ್ರಿ!" ಅಂದಳು.

ಅರ್ಧ ಕನಸು

ಶಿರಗುಪ್ಪಿಯ ಹುಡುಗಿಯೊಬ್ಬಳ ಒಂದು ಕಣ್ಣಿಗೆ ಕಬ್ಬಿನ ಎಲೆ ಗೀರಿತ್ತು. ಕಣ್ಣಲ್ಲಿ ಹೂ ಬಿದ್ದು ಬಿಳಿ ಕಲೆ ಕಟ್ಟಿದರೆ ನೋಟವೇ ಹೋದೀತೆಂದು ಅಪ್ಪ ಅವಳನ್ನು ಹೊತ್ತುಕೊಂಡೇ ಓಡಿ ಬಂದಿದ್ದ. ಮುಲಾಮು ಹಚ್ಚಿ ಪಟ್ಟಿ ಕಟ್ಟಿದೆವು. ಮರುದಿನ ಗಾಯ ಮಾಯತೊಡಗಿತ್ತು, ಹುಡುಗಿ ಮಾತ್ರ ಸಪ್ಪಗಿದ್ದಳು.

"ಯಾಕವ್ವಾ, ನೋಯತೈತೇನು?"

"ಇಲ್ರಿ ಬಾಯಾರ. ಕನಸು ಅರ್ಧಾನ ಬಿತ್ತು. ಆನಿ ಬಂತು, ಸೊಂಡಿ ಕಾಣಲಿಲ್ಲ."

ಮೂರನೆಯ ದಿನ ಪಟ್ಟಿ ಬಿಚ್ಚಿದೆ. ಹೂ ಬಿದ್ದಿರಲಿಲ್ಲ. ಅಪ್ಪ ಕೈ ಮುಗಿದ. ಹುಡುಗಿ ಅವನ ಅಂಗಿ ಜಗ್ಗಿ, "ಲಗೂ ನಡಿ ಅಪ್ಪಾ, ಮಕ್ಕೋಬೇಕು. ಆನಿ ಹಾದಿ ಕಾಯಾಕತ್ತೈತಿ" ಅಂದಳು.

ಮಕ್ಕೊಂಡಾಗ

ಜುಗೂಳದ ಅಜ್ಜಿ ಆರು ವರ್ಷದ ಮೊಮ್ಮಗಳನ್ನು ಕರೆತಂದಳು. ಹುಡುಗಿಯ ಎರಡೂ ಕಣ್ಣು ಕೆಂಪು, ಬಾಟಲಿ ಕಂಡರೆ ಚೀರಾಟ. "ಮಧ್ಯಾಹ್ನ ಮಕ್ಕೊಂಡಾಗ ಎರಡ ಹನಿ ಹಾಕ್ರಿ, ಆಯಿ" ಅಂದೆ.

ನಾಲ್ಕು ದಿನಕ್ಕೆ ಇಬ್ಬರೂ ಬಂದರು. ಅಜ್ಜಿ ಹೇಳಿದಳು: "ಕಥಿ ಹೇಳಕೋತ ನನಗ ನಿದ್ದಿ ಹತ್ತತೈತ್ರಿ. ಎದ್ದು ನೋಡಿದ್ರ ಔಷಧ ಕಡಿಮಿ ಆಗಿರತೈತಿ. ತಾನ ಹಾಕ್ಕೋತಾಳ, ಭಾಳ ಶಾಣ್ಯಾಕಿ! ದೇವರ ದಯಾ, ನನ್ನ ಕಣ್ಣಿನ ಉರಿನೂ ಹೋತ್ರಿ."

ಹುಡುಗಿಯ ಕಣ್ಣು ಮಾತ್ರ ಹಾಗೇ ಕೆಂಪು. ತೊಡೆಯ ಮೇಲೆ ಮಲಗಿಸಿಕೊಂಡು ನಾನೇ ಹನಿ ಹಾಕಿದೆ. ಮುಂದೆ ದಿನಾ ಹಾಗೇ ಹಾಕಿ ಗುಣವಾಯಿತೆನ್ನಿ. ಆದರೆ ಅಂದು ಹುಡುಗಿಯನ್ನು ಕೇಳಿಯೇಬಿಟ್ಟೆ: "ಬಾಟಲ್ಯಾಗಿನ ಔಷಧ ಎಲ್ಲಿ ಹೋತ ಬೇ?"

"ಮಕ್ಕೊಂಡಾಗ ಹಾಕ್ರಿ ಅಂತ ನೀವ ಹೇಳಿದ್ರಲ್ರಿ? ನನಗ ನಿದ್ದಿನ ಬರಲಿಲ್ಲ. ಆಯಿ ಮಕ್ಕೊಂಡಿದ್ಲು. ಆಕಿಗೇ ಹಾಕೀನ್ರಿ!"