ತಳ ಹಿಡಿದ ಧ್ಯಾನ

ಬುದ್ಧನ ದಾರಿಯಲ್ಲಿ ನಡೆಯುವುದು ನನಗೆ ಕಷ್ಟವಾಗಲಿಕ್ಕಿಲ್ಲ ಎಂದು ನಾನು ಮೊದಲಿನಿಂದಲೂ ನಂಬಿದ್ದೆ. ಅದಕ್ಕೆ ಕಾರಣ ನನ್ನ ಹೆಸರು. ಹಳ್ಳಿಯಿಂದ ಮೈಸೂರಿಗೆ ಬಂದು ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ ಅಪ್ಪ, ಬೌದ್ಧ ದೀಕ್ಷೆ ತೆಗೆದುಕೊಂಡ ಉತ್ಸಾಹದಲ್ಲಿ ನನಗೆ ಸಿದ್ಧಾರ್ಥ ಎಂದು ಹೆಸರಿಟ್ಟ. ಅವ್ವ ಅದನ್ನು ಸವೆಸಿ ಸಿದ್ದ ಮಾಡಿಕೊಂಡಳು. ಮುಂದೆ ನನಗೆ ಹೆಣ್ಣು ನೋಡುವಾಗ ಹುಡುಗಿಯ ಹೆಸರು ಸುಜಾತ ಎಂದು ಗೊತ್ತಾಗಿದ್ದೇ ತಡ, ಅಪ್ಪ ಅಲ್ಲೇ ಒಪ್ಪಿಬಿಟ್ಟ. ನಮ್ಮಲ್ಲಿ ಜಾತಕ ನೋಡುವುದಿಲ್ಲವಲ್ಲ, ಹೆಸರನ್ನೇ ನೋಡಿದ. ಬುದ್ಧನಿಗೆ ಪಾಯಸ ಕೊಟ್ಟವಳ ಹೆಸರು! ನನ್ನ ಸುಜಾತ ನನಗೆ ಹೆಚ್ಚಾಗಿ ಕೊಟ್ಟಿರುವುದು ಬುದ್ಧಿಮಾತು.

ಇಷ್ಟೆಲ್ಲ ಅನುಕೂಲವಿದ್ದೂ ಐವತ್ತು ದಾಟುವವರೆಗೆ ನಾನು ಧ್ಯಾನದ ಗೊಡವೆಗೆ ಹೋಗಿರಲಿಲ್ಲ. ಈ ಬೇಸಿಗೆಯ ಶುರುವಿನಲ್ಲಿ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ಉಪ್ಪಿನಕಾಯಿ ಬಿಡಿ, ಸಿಟ್ಟು ಬಿಡಿ, ದಿನಾ ನಡೆಯಿರಿ, ಅಗಿದು ತಿನ್ನಿ, ಸಾಧ್ಯವಾದರೆ ಸ್ವಲ್ಪ ಧ್ಯಾನ ಮಾಡಿ ಎಂದರು. "ಧ್ಯಾನ ನಮ್ಮ ಮನೆತನದಲ್ಲೇ ಇದೆ ಸಾರ್" ಎಂದು ನಾನು ಎದೆಯುಬ್ಬಿಸಿದೆ. ಬಿ.ಪಿ. ಇನ್ನಷ್ಟು ಮೇಲೆ ಹೋಯಿತು.

ನಾನು ಸುಳ್ಳು ಹೇಳಿರಲಿಲ್ಲ. ಮೇಟಗಳ್ಳಿಯ ಆ ಒಂದೇ ಕೋಣೆಯ ಮನೆಯಲ್ಲಿ ಅಪ್ಪ ದಿನಾ ಬೆಳಿಗ್ಗೆ ಚಾಪೆ ಹಾಸಿ ಕಣ್ಣು ಮುಚ್ಚಿ ಕೂರುತ್ತಿದ್ದ. ಎದ್ದ ಮೇಲೆ ಸ್ಟೀಲ್ ಲೋಟದ ಟೀಯನ್ನು ಎರಡೂ ಕೈಯಲ್ಲಿ ಹಿಡಿದು, ಪೇಪರಿಲ್ಲದೆ, ಮಾತಿಲ್ಲದೆ ಕುಡಿಯುತ್ತಿದ್ದ. ಬುದ್ಧ ಪೂರ್ಣಿಮೆಯ ದಿನವಂತೂ ವಿಹಾರದ ಭಿಕ್ಷು ಭಂತೇಜಿಯನ್ನು ಊಟಕ್ಕೆ ಕರೆದು, ಅಕ್ಕಿ ಪಾಯಸವನ್ನು ತಾನೇ ಮಾಡುತ್ತಿದ್ದ. ಒಲೆಯ ಮುಂದೆ ಸೌಟು ಹಿಡಿದು ನಿಂತನೆಂದರೆ ಅಲುಗುತ್ತಿರಲಿಲ್ಲ. ಕಣ್ಣು ಅರ್ಧ ಮುಚ್ಚಿರುತ್ತಿತ್ತು. ನಾವು ಮಕ್ಕಳು ಹೊಸ್ತಿಲ ಮೇಲೆ ಕೂತು ಪಿಸುಗುಟ್ಟುತ್ತಿದ್ದೆವು. ಬೆಲ್ಲ, ಏಲಕ್ಕಿ, ಜೊತೆಗೆ ಸ್ವಲ್ಪ ಹೊಗೆಯ ಪರಿಮಳ ಇಡೀ ಮನೆ ತುಂಬುತ್ತಿತ್ತು. ಆ ಪರಿಮಳವಿಲ್ಲದ ಪಾಯಸವನ್ನು ಮದುವೆಮನೆಗಳಲ್ಲಿ ತಿಂದಾಗೆಲ್ಲ ಏನೋ ಕಡಿಮೆಯಾಗಿದೆ ಅನ್ನಿಸಿ, ನನಗೆ ಅಪ್ಪನ ಬೆನ್ನು ನೆನಪಾಗುತ್ತದೆ.

ಆ ಅಪ್ಪ ಹೋದ ವರ್ಷ ತೀರಿಕೊಂಡ. ಈ ಸಲದ ಪೂರ್ಣಿಮೆ ಅವನಿಲ್ಲದ ಮೊದಲ ಪೂರ್ಣಿಮೆ. ಅವ್ವ ಒಂದೇ ಮಾತು ಹೇಳಿದಳು.

"ನಿಮ್ಮಪ್ಪನ ಹೆಸ್ರಲ್ಲಿ ಭಂತೇಜಿಗೆ ಊಟ ಇಕ್ಬೇಕು ಕಣ್ಲಾ. ಪಾಯ್ಸ ಮಾತ್ರ ನೀನೇ ಮಾಡ್ಬೇಕು."

ನಾನು ಒಪ್ಪಿಕೊಂಡೆ. ಅಪ್ಪನ ಹಾಗೆಯೇ, ಪೂರ್ತಿ ಅರಿವಿನಿಂದ ಮಾಡುತ್ತೇನೆ ಎಂದು ಭರವಸೆ ಕೊಟ್ಟೆ. ಪೂರ್ಣಿಮೆಗೆ ಇನ್ನೂ ಕೆಲವು ವಾರಗಳಿದ್ದವು. ಅಷ್ಟರಲ್ಲಿ ಅರಿವನ್ನು ಸಂಪಾದಿಸಬೇಕಿತ್ತು. ಚಾಪೆಗಿಂತ ಮೊಬೈಲು ವಾಸಿ ಎಂದುಕೊಂಡು ಒಂದು ಆ್ಯಪ್ ಹಾಕಿಕೊಂಡೆ. ಅದರಲ್ಲಿ ಒಬ್ಬ ಹೆಣ್ಣುಮಗಳು ಬಹಳ ಮೆತ್ತಗೆ ಮಾತಾಡುತ್ತಾಳೆ. ಈ ಮನೆಯಲ್ಲಿ ನನ್ನ ಜೊತೆ ಯಾರೂ ಅಷ್ಟು ಮೆತ್ತಗೆ ಮಾತಾಡಿದ್ದಿಲ್ಲ! ಅವಳ ಉಪದೇಶ ಸರಳ. ಏನೇ ಬರಲಿ, ಮನಸ್ಸಿನಲ್ಲೇ ಅದರ ಹೆಸರು ಹೇಳಿ, ಬಿಟ್ಟುಬಿಡಿ. ಸದ್ದು ಕೇಳಿದರೆ 'ಸದ್ದು, ಸದ್ದು'. ತುರಿಕೆಯಾದರೆ 'ತುರಿಕೆ, ತುರಿಕೆ'. ಹಿಂದೆ ಓಡಬೇಡಿ.

ಮೊದಲು ಊಟದಲ್ಲಿ ಶುರು ಮಾಡಿದೆ. ಇಡ್ಲಿಯ ಒಂದೊಂದು ಚೂರನ್ನೂ ನೀರಾಗುವವರೆಗೆ ಅಗಿಯುತ್ತ ಕೂತೆ. ಅವ್ವ ನನ್ನ ಬಾಯನ್ನೇ ನೋಡುತ್ತಿದ್ದಳು. ಕೊನೆಗೆ ಸುಜಾತ ತಟ್ಟೆಯ ಪಕ್ಕದಲ್ಲೇ ಮಧ್ಯಾಹ್ನದ ಅನ್ನವನ್ನೂ ಬಡಿಸಿದಳು. ಆಫೀಸಿಗೆ ತಡವಾಗಿ ಹೋದೆ. ಸಾಹೇಬರು ಬೈದರು. 'ಬೈಗುಳ, ಬೈಗುಳ' ಎಂದು ಬಿಟ್ಟುಬಿಟ್ಟೆ. ಸಾಧನೆ ಚೆನ್ನಾಗಿಯೇ ಸಾಗಿತ್ತು.

ಆಮೇಲೆ ನಡಿಗೆ. ರಾಮಕೃಷ್ಣನಗರದಲ್ಲಿ ನಮ್ಮ ಮನೆಯ ಹಿಂದೆಯೇ ಒಂದು ಪಾರ್ಕಿದೆ. ಜನ ಅಲ್ಲಿ ಕೈ ಬೀಸಿಕೊಂಡು ರೈಲು ತಪ್ಪಿದವರಂತೆ ನಡೆಯುತ್ತಾರೆ. ನಾನು ಮಾತ್ರ ಹಿಮ್ಮಡಿ ಎತ್ತುವುದು, ಹೆಜ್ಜೆ ಮುಂದಿಡುವುದು, ಊರುವುದು, ಹೀಗೆ ಒಂದೊಂದನ್ನೂ ಗಮನಿಸುತ್ತ, ಮೌನವ್ರತ ಹಿಡಿದು ನಡೆಯತೊಡಗಿದೆ. ನಮ್ಮ ಪಕ್ಕದ ಮನೆಯ ಶಿವಣ್ಣ ಎದುರಿಗೆ ಬಂದರು. ಬೇಸಾಯದ ಮನೆತನದವರು, ಅಪ್ಪನ ಕಾರ್ಖಾನೆಯಲ್ಲೇ ದುಡಿದು ನಿವೃತ್ತರಾದವರು. ಅವರು ನನ್ನನ್ನು ಬಹಳ ಹೊತ್ತು ನೋಡಿ, ಹತ್ತಿರ ಬಂದು ಮೆಲ್ಲಗೆ ತೋಳು ಹಿಡಿದುಕೊಂಡರು.

"ಎಡಗಡೆನಾ, ಬಲಗಡೆನಾ?" ಎಂದರು.

ಎಡಗಾಲು ಎತ್ತಿದ್ದೆ. ವ್ರತ ಮುರಿಯಬಾರದೆಂದು ಸನ್ನೆಯಲ್ಲೇ ಎಡಗಾಲು ತೋರಿಸಿದೆ. ಶಿವಣ್ಣನ ಕಣ್ಣು ತುಂಬಿತು. ಸಂಜೆಗೆ ಅವರ ಹೆಂಡತಿ ಲಕ್ವದ ಎಣ್ಣೆ ತಂದು ಸುಜಾತಳ ಕೈಗೆ ಕೊಟ್ಟು, ಮಾತೂ ಬಿದ್ದುಹೋಗಿದೆಯಂತಲ್ಲ ಎಂದು ಸೆರಗಿನಿಂದ ಮೂಗು ಒರೆಸಿಕೊಂಡರಂತೆ. ಸುಜಾತ ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಹೆಂಡತಿ ಗಂಡನ ಕಾಯಿಲೆ ಮುಚ್ಚಿಡುವುದು ಸಹಜ ಎಂದು ಸಮಾಧಾನ ಹೇಳಿ ಹೋದರಂತೆ.

ಪೂರ್ಣಿಮೆ ಬಂತು. ಮಂಡಕಳ್ಳಿ ಕಡೆಯ ಒಂದು ಪುಟ್ಟ ವಿಹಾರದಿಂದ ವಯಸ್ಸಾದ ಭಂತೇಜಿ ಆಟೋದಲ್ಲಿ ಬರುವವರಿದ್ದರು. ಪ್ರತಿ ವರ್ಷ ಅಪ್ಪನ ಕೈಯ ಪಾಯಸ ಉಂಡವರು ಅವರೇ. ಭಿಕ್ಷುಗಳ ನಿಯಮ ಗೊತ್ತಿರಬಹುದು, ಊಟ ಏನಿದ್ದರೂ ನಡುಹಗಲಿನೊಳಗೆ ಮುಗಿಯಬೇಕು. ಸೂರ್ಯ ನೆತ್ತಿ ದಾಟಿದರೆ ಒಂದು ಅಗುಳೂ ಮುಟ್ಟುವುದಿಲ್ಲ. ಸುಜಾತ ಬೆಳಿಗ್ಗೆಯೇ ಅನ್ನ, ಸಾರು, ಪಲ್ಯ ಎಲ್ಲ ಮಾಡಿಟ್ಟಳು. ಬುದ್ಧನ ಮುಂದೆ ಇಡುವ ತಾವರೆಯನ್ನು ತಾನೇ ಆರಿಸಬೇಕೆಂದು ಅವ್ವ ಹಟ ಹಿಡಿದಿದ್ದರಿಂದ ಇಬ್ಬರೂ ಮಾರುಕಟ್ಟೆಗೆ ಹೊರಟರು. ಹೋಗುವಾಗ ಸುಜಾತ ಹೇಳಿದ್ದು ಇಷ್ಟೇ: ಹಾಲು ನೋಡ್ಕೊಳ್ಳಿ, ಬಾಗಿಲು ನೋಡ್ಕೊಳ್ಳಿ.

ನಾನು ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಪಾಯಸ ಒಲೆಗಿಟ್ಟು, ಅಪ್ಪನಂತೆಯೇ ಸೌಟು ಹಿಡಿದು ಒಲೆಯ ಮುಂದೆ ನಿಂತೆ. ಮೊಬೈಲನ್ನು ಸಾಸಿವೆ ಡಬ್ಬಿಗೆ ಒರಗಿಸಿದೆ. ಹೆಣ್ಣುಮಗಳು ಮೆತ್ತಗೆ ಶುರುಮಾಡಿದಳು. ಕಣ್ಣು ಮುಚ್ಚಿದೆ. ಏನು ಹೇಳಲಿ, ಅಂಥ ಶಾಂತಿ ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ಕರೆಗಂಟೆ ಹೊಡೆದುಕೊಂಡಿತು. 'ಸದ್ದು, ಸದ್ದು' ಎಂದುಕೊಂಡೆ. ಮತ್ತೆ ಹೊಡೆದುಕೊಂಡಿತು. ಮತ್ತೆ ಹೆಸರಿಟ್ಟು ಬಿಟ್ಟೆ. ಮನೆಯಲ್ಲಿ ಯಾರಿದ್ದೀರಿ ಎಂದು ಯಾರೋ ಕೂಗಿದರು. ಅದೊಂದು ಒಳ್ಳೆಯ ಪ್ರಶ್ನೆ ಅನ್ನಿಸಿತು. ಈ ಮನೆಯಲ್ಲಿ ನಿಜಕ್ಕೂ ಯಾರಿದ್ದಾರೆ? ನಾನೆಂದರೆ ಯಾರು? ಹೀಗೆ ಆಳಕ್ಕೆ ಇಳಿಯುತ್ತಿರುವಾಗ ಮೂಗಿಗೆ ಏನೋ ಬಂತು.

'ವಾಸನೆ, ವಾಸನೆ.'

ಬಿಟ್ಟುಬಿಟ್ಟೆ. ಅದು ಮಾತ್ರ ನನ್ನನ್ನು ಬಿಡಲಿಲ್ಲ. ಬೆಲ್ಲ, ಏಲಕ್ಕಿ, ಹೊಗೆ. ಹೊಸ್ತಿಲ ಮೇಲೆ ಕೂತ ಹಾಗಾಯಿತು. ಅಪ್ಪನ ಬೆನ್ನು ಕಣ್ಣ ಮುಂದೆ ಬಂತು. ಧ್ಯಾನ ಫಲಿಸಿತು ಎಂದು ನನ್ನ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತಿಗೆ ಕೆಮ್ಮೂ ಬಂತು.

ಕಣ್ಣು ತೆರೆದರೆ ಅಡುಗೆಮನೆ ತುಂಬ ಹೊಗೆ. ಎದುರಿಗೆ, ತನ್ನ ಬೀಗದಕೈಯಿಂದ ಬಾಗಿಲು ತೆಗೆದು ಬಂದ, ಕೈತುಂಬ ತಾವರೆ ಹಿಡಿದ ಸುಜಾತ. ಅವಳು ಒಲೆ ಆರಿಸಿ, ಕಿಟಕಿ ತೆರೆದು, ಆಮೇಲೆ ಕೇಳಿದಳು.

"ಭಂತೇಜಿ ಎಲ್ಲಿ ರೀ?"

ಆಗ ನನಗೆ ಕರೆಗಂಟೆ ನೆನಪಾಯಿತು. ಅದರ ಹೆಸರು ಹೇಳಿದ್ದೆ, ಬಾಗಿಲು ತೆಗೆದಿರಲಿಲ್ಲ! ಹೊರಗೆ ಓಡಿದೆ. ಗೇಟಿನ ಬಳಿ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ. ಒಳಗೆ ಗೋಡೆ ಗಡಿಯಾರದ ಎರಡು ಮುಳ್ಳುಗಳು ಹನ್ನೆರಡರ ಮೇಲೆ ಕೈಮುಗಿದು, ಆಗಲೇ ಬೇರೆಯಾಗುತ್ತಿದ್ದವು.

ಅವ್ವ ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಅಪ್ಪನ ಫೋಟೋ ಕೆಳಗಿನ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ತಾವರೆ ಇಟ್ಟುಕೊಂಡು, "ಒಂದು ಊಟ ಇಕ್ಕಾಕೂ ಆಗ್ನಿಲ್ವಲ್ಲ ಸಿದ್ದ ನಿಮ್ಮಪ್ಪನ ಹೆಸ್ರಲ್ಲಿ" ಎಂದಳು. ನನಗೆ ಎದೆಯಲ್ಲಿ ಏನೋ ಕಿವುಚಿದಂತಾಯಿತು. 'ಸಂಕಟ, ಸಂಕಟ' ಎಂದು ಹೆಸರಿಟ್ಟು ನೋಡಿದೆ. ಅದು ಹೋಗಲಿಲ್ಲ.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಶಿವಣ್ಣ ಮುಂದೆ, ಹಿಂದೆ ಕಾವಿಯ ಚೀವರ ಸರಿಪಡಿಸಿಕೊಳ್ಳುತ್ತ ಭಂತೇಜಿ! ಭಂತೇಜಿ ಒಳಗೆ ಬಂದವರೇ ನೇರ ನನ್ನ ಹತ್ತಿರ ಬಂದು, ನನ್ನ ಎಡಗೈಯನ್ನು ಹಿಡಿದುಕೊಂಡರು. ಬೆರಳು ಮಡಿಸಿ ನೋಡೋಣ ಎಂದರು. ಮಡಿಸಿದೆ. ಎಷ್ಟೋ ವಾಸಿಯಾಗಿದೆ ಎಂದು ಸಮಾಧಾನಪಟ್ಟರು.

"ಪಾಪ, ಬಿಸಿಲಲ್ಲಿ ನಿಂತಿದ್ರು ಕಣಮ್ಮ," ಎಂದರು ಶಿವಣ್ಣ ಅವ್ವನಿಗೆ. "ಸಿದ್ದಂಗೆ ಉಸಾರಿಲ್ಲ, ಎದ್ದು ಬಾಗ್ಲು ತೆಗೆಯಾಕೆ ಆಯ್ತಿಲ್ಲ ಅಂತ ನಾನೇ ಕರ್ಕಂಡೋಗ್ಬುಟ್ಟೆ. ನಮ್ಮನೇಲಿ ಮುದ್ದೆ, ಬಸ್ಸಾರು ಇತ್ತು. ಯಾರ ಹೆಸ್ರಿನ ಊಟ ಅಂತ ಕೇಳ್ದೆ. ಸಿದ್ದನ ಅಪ್ಪನ ಹೆಸ್ರು ಅಂದ್ರು. ಅಣ್ಣನ ಹೆಸ್ರಲ್ಲೇ ಇಕ್ದೆ. ಫ್ಯಾಕ್ಟ್ರಿ ಬಸ್ಸಲ್ಲಿ ದಿನಾ ನಂಗೆ ಕಿಟ್ಕಿ ಸೀಟು ಬುಟ್ಕೊಡೋರು, ಅಷ್ಟೂ ಮಾಡ್ನಿಲ್ಲ ಅಂದ್ರೆ ಎಂಗೆ?"

ಅವ್ವ ಎದ್ದು ನಿಂತು ಶಿವಣ್ಣನಿಗೆ ಕೈಮುಗಿದಳು. ಮಾತು ಬರಲಿಲ್ಲ ಅವಳಿಗೆ. ನನಗೂ ಬರಲಿಲ್ಲ, ಆದ್ದರಿಂದ ನನ್ನ ಲಕ್ವದ ಬಗ್ಗೆ ಶಿವಣ್ಣನ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ತಾವರೆ ಇಟ್ಟು, ದೀಪ ಹಚ್ಚಿ, ಭಂತೇಜಿ ಅಪ್ಪನಿಗಾಗಿ ಬುದ್ಧನ ಸುತ್ತಗಳನ್ನು ಪಠಿಸಿದರು. ಆಮೇಲೆ ನಿಂಬೆ ಪಾನಕ ಮಾತ್ರ ಕುಡಿದರು. ಸುಜಾತ ಸೀದ ಪಾಯಸವನ್ನು ಹಿತ್ತಿಲಿಗೆ ಸುರಿಯಲು ಹೊರಟಾಗ ಅವ್ವ ತಡೆದು, ಮೇಲಿನಿಂದ ಒಂದು ಚಮಚ ತೆಗೆದು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಆಮೇಲೆ ನಗತೊಡಗಿದಳು. ಅಪ್ಪ ಹೋದಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

"ನಿಮ್ಮಪ್ಪಂದೂ ಇಂಗೇ ಸೀದೋಗೋದು ಕಣ್ಲಾ, ಪ್ರತಿ ವರ್ಷ. ನೈಟ್ ಶಿಫ್ಟ್ ಮುಗ್ಸಿ ಬಂದು, ಮಲೀಕಳ್ದೆ ಒಲೆ ಮುಂದೆ ನಿಂತ್ಕಳೋದು. ನಿಂತಂಗೇ ನಿದ್ದೆ. ಭಂತೇಜಿ ಬರೋ ಹೊತ್ಗೆ ನಾನು ಸೌಟಿನ ಹಿಡೀಲಿ ತಿವ್ದು ಎಬ್ಬಿಸ್ತಿದ್ದೆ."

ನಾನು ಭಂತೇಜಿಯ ಮುಖ ನೋಡಿದೆ. ಅವರು ಪಾನಕದ ಲೋಟವನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಸೀದ ಪಾಯಸ ಉಂಡವರು! ರಾತ್ರಿಯಿಡೀ ಯಂತ್ರದ ಮುಂದೆ ನಿಂತು ಬಂದು, ನಿದ್ದೆಗೆಟ್ಟು ಒಲೆಯ ಮುಂದೆ ನಿಲ್ಲುತ್ತಿದ್ದ ಅಪ್ಪ. ಚೆನ್ನಾಗಿ ನಿದ್ದೆ ಮಾಡಿ ಎದ್ದೂ ಬಾಗಿಲು ತೆಗೆಯದ ನಾನು. ಅವನು ಹಾಗೆ ನಿಂತಿರುವುದನ್ನು ಇನ್ನೊಂದು ಸಲ ನೋಡಬೇಕು ಅನ್ನಿಸಿತು. ನಾವೆಲ್ಲ ಆ ಪಾಯಸವನ್ನು ತಳ ಕೆರೆಯದೆ, ಮೇಲಿನಷ್ಟನ್ನು ತಿಂದೆವು. ಶಿವಣ್ಣ ಎರಡನೇ ಸಲ ಹಾಕಿಸಿಕೊಂಡರು.

ಭಂತೇಜಿ ಹೊರಡುವಾಗ, ನಡೆದದ್ದನ್ನೆಲ್ಲ ಹೇಳಿ, ನಾನು ಎಲ್ಲಿ ತಪ್ಪಿದೆ ಎಂದು ಕೇಳಿದೆ. ಅವರು ಚಪ್ಪಲಿ ಮೆಟ್ಟುತ್ತ ಹೇಳಿದರು. "ವಾಸನೆ ಬಂದಾಗ ವಾಸನೆ ಅಂತ ಗೊತ್ತಾಯ್ತಲ್ಲ, ಅದು ಸರಿ. ಆಮೇಲೆ ಒಲೆ ಆರಿಸ್ಬೇಕಿತ್ತು."

ಮರುದಿನ ಆ್ಯಪ್ ತೆಗೆದುಹಾಕಿ, ಅಟ್ಟದಿಂದ ಅಪ್ಪನ ಚಾಪೆ ಇಳಿಸಿ, ಬೆಳಿಗ್ಗೆ ಕೂತೆ. ಅವನಂತೆಯೇ ಬೆನ್ನು ನೆಟ್ಟಗೆ, ಕಣ್ಣು ಅರ್ಧ ಮುಚ್ಚಿ. ಉಸಿರು ಬರುವುದು, ಹೋಗುವುದು. ಎಷ್ಟು ಹೊತ್ತು ಕಳೆಯಿತೋ ತಿಳಿಯದು, ದೇಹವಿದೆಯೆಂಬುದೇ ಮರೆತುಹೋಗಿತ್ತು. ಆಗ ಬೆನ್ನಿಗೆ ಏನೋ ಬಲವಾಗಿ ತಿವಿಯಿತು. ತಿರುಗಿ ನೋಡಿದರೆ, ಅವ್ವ. ಕೈಯಲ್ಲಿ ಸೌಟು.

"ಏಳ್ಲಾ, ಗೊರಕೆ ಬೀದಿಗೆ ಕೇಳ್ತದೆ."