ಹಳೇ ಪಂಚೆಯ ಲಂಗೋಟಿ

ನಮ್ಮತ್ತೆಗೆ ಒಂದು ಅಭ್ಯಾಸ. ಮೊಮ್ಮಗಳನ್ನು ಯಾರು ಎತ್ತಿಕೊಂಡು ಬಂದರೂ ಮೊದಲು ಅವಳ ಮುಖ ನೋಡುವುದಿಲ್ಲ. ಅಂಡಿನ ಕೆಳಗೆ ಅಂಗೈ ಕೊಟ್ಟು ಒಂದು ಸಲ ತೂಗುತ್ತಾರೆ. ಭಾರ ಅನ್ನಿಸಿದರೆ "ತುಂಬೈತೆ, ಬಿಚ್ಚು" ಅಂತ ತೀರ್ಪು. ಹಗುರ ಇದ್ದರೆ ಮಾತ್ರ ಮುದ್ದು. ಅಜ್ಜಂಪುರದಲ್ಲಿ ಈರುಳ್ಳಿ ಬೆಳೆಯುವ ಮನೆ ನಮ್ಮದು, ಕೈಗೇ ತೂಕ ಗೊತ್ತು.

ಮಾತು ಕಮ್ಮಿ ಇರುವವರಿಗೇ ಇಂಥ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ ಅಂತ ನನ್ನ ಅನುಮಾನ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಜಗಳ ಆಡಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ಆಡಿದರೆ ಅತ್ತೆಗೇನೂ ನಷ್ಟವಿಲ್ಲ. ಹಾಗಾಗಿ ಮದುವೆಯಾಗಿ ನಾಲ್ಕು ವರ್ಷ ಸುಮ್ಮನೇ ಇದ್ದೆ.

೧. ಮೊದಲ ಮಾತು

ಮಗಳಿಗೆ ಎರಡೂವರೆ ವರ್ಷ, ಕೈಕಾಲು ತುಂಬಿಕೊಂಡ ಹುಡುಗಿ. ಅಂಗಡಿಯಲ್ಲಿ ಸಿಗುವ ಅತಿ ದೊಡ್ಡ ಡೈಪರ್ ಕೂಡ ಬಿಗಿ. ಬಿಚ್ಚಿದಾಗೆಲ್ಲ ತೊಡೆಯ ಸುತ್ತ ಕೆಂಪು ಬರೆ, ಕೆಲವು ಕಡೆ ಹುಣ್ಣು. ನೀರು ತಾಗಿದರೆ ಕಿರುಚುತ್ತಿದ್ದಳು. ಒಂದು ಬೆಳಿಗ್ಗೆ ಧೈರ್ಯ ಮಾಡಿ, "ಇನ್ಮೇಲೆ ಬಟ್ಟೆ ಲಂಗೋಟಿ ಕಟ್ಟೋಣ ಅತ್ತೆ" ಅಂದೆ. ಹಳೇ ಕಾಲದವರು, ಖುಷಿಪಡುತ್ತಾರೆ ಅಂತ ನನ್ನ ಲೆಕ್ಕ.

ಅತ್ತೆ ತಟ್ಟುತ್ತಿದ್ದ ರೊಟ್ಟಿ ಬಿಟ್ಟರು. "ಬಟ್ಟೇನಾ? ನಾಲ್ಕ್ ಮಕ್ಕಳ ಬಟ್ಟೆ ಒಗ್ದೂ ಒಗ್ದೂ ಈ ಉಗುರು ಸವೆಸ್ಕಂಡಿದೀನಿ. ಈ ಡೈಪರ್ರು ನಮ್ ಕಾಲಕ್ಕೆ ಬರ್ಲಿಲ್ವಲ್ಲ ಅಂತ ನಾನು ಹೊಟ್ಟೆ ಉರ್ಕಂತಿದ್ರೆ, ಓದಿದೋಳು ನೀನು ಹಿಂದಕ್ಕೆ ಹೋಗ್ತೀಯಾ?"

ನಾನು ಮಗಳ ತೊಡೆ ತೋರಿಸಿದೆ. ಅತ್ತೆ ಮೆತ್ತಗಾದರು, ಆದರೆ ಪೂರ್ತಿ ಅಲ್ಲ. "ಮುಂದಿನ ತಿಂಗಳು ಕಡೂರಲ್ಲಿ ನಿನ್ನ ನಾದಿನಿ ಮನೆ ಗೃಹಪ್ರವೇಶ. ಹೊಸ ಮನೆ, ಬಿಳೀ ಟೈಲ್ಸು. ಅಲ್ಲೀಗಂಟ ಏನಾದ್ರೂ ಕಟ್ಕ. ಅವತ್ತು ನೆಂಟ್ರೆದುರಿಗೆ ಒಂದ್ ಹನಿ ಬಿತ್ತು ಅಂದ್ರೆ ವಾಪಸ್ ಡೈಪರ್ರೇ. ಆಮೇಲೆ ನೀನು ಇಂಗ್ಲಿಷಲ್ಲಿ ಅತ್ರೂ ಕೇಳಲ್ಲ."

ಪೇಪರಿನ ಹಿಂದಿನಿಂದ ಮಾವನ ದನಿ ಬಂತು: "ನನ್ ಪಂಚೆ ಮಾತ್ರ ಮುಟ್ಟಬ್ಯಾಡ್ರಿ."

ಪಂಚೆಯ ವಿಷಯ ಇನ್ನೂ ಯಾರೂ ಎತ್ತಿರಲೇ ಇಲ್ಲ.

೨. ಅಳತೆ

ಮಗು ಹುಟ್ಟಿದಾಗಿನ ಲಂಗೋಟಿಗಳು ಈಗ ಅವಳ ಅರ್ಧ ಸೊಂಟಕ್ಕೂ ಬರುತ್ತಿರಲಿಲ್ಲ. ಮಾವನ ಎರಡು ಮೆತ್ತನೆ ಪಂಚೆ ಮಡಚಿಕೊಂಡು (ಅವರು ತೋಟಕ್ಕೆ ಹೋಗಿದ್ದರು) ಬಸ್ ಸ್ಟ್ಯಾಂಡ್ ಹತ್ತಿರದ ಬ್ಲೌಸ್ ಹೊಲಿಯುವ ಟೈಲರ್ ಬಳಿ ಹೋದೆ. ಅಲ್ಲಿ ಆಗಲೇ ಮೂವರು ಹೆಂಗಸರು. ಪಿಸುಗುಟ್ಟಿದೆ.

"ಜೋರಾಗಿ ಹೇಳಮ್ಮ, ಮಿಷನ್ ಸದ್ದಿಗೆ ಕೇಳಲ್ಲ."

ನಾನು ಜೋರಾಗಿ ಹೇಳುವುದಕ್ಕೂ ಆತ ಮಿಷನ್ ನಿಲ್ಲಿಸುವುದಕ್ಕೂ ಸರಿಹೋಯಿತು. "ಲಂಗೋಟಿ" ಎಂಬ ಪದ ಎದುರಿನ ಬೇಕರಿಯವರೆಗೂ ತಲುಪಿತು.

ಟೈಲರ್ ಮುಖದಲ್ಲಿ ಬದಲಾವಣೆಯೇ ಇಲ್ಲ. "ಅಳತೆಗೆ ಹಳೇದೊಂದು ತಂದಿದೀಯಾ?" ಅಂದರು. ಬ್ಯಾಗಿನಿಂದ ಒಂದು ಹೊಸ ಡೈಪರ್ ತೆಗೆದುಕೊಟ್ಟೆ. ಅದನ್ನು ಮೇಜಿನ ಮೇಲೆ ಹರಡಿ, ಟೇಪ್ ಹಿಡಿದು, ತಿರುಗಿಸಿ ನೋಡಿ, "ಕಟಿಂಗ್ ಚೆನ್ನಾಗೈತೆ" ಅಂತ ಒಪ್ಪಿಕೊಂಡರು. ಒಳಗೆ ಎಂಟು ಮಡಿಕೆ ಪಂಚೆ. ಹೊರಗಡೆಗೆ ಹಳೇ ಕೊಡೆಯ ಬಟ್ಟೆ ತಂದುಕೊಡು ಅಂದರು. "ಹೊರಗಿಂದ ಬರೋ ಮಳೆ ತಡಿಯುತ್ತೆ ಅಂದ್ಮೇಲೆ ಒಳಗಿಂದ ಬರೋದನ್ನೂ ತಡಿಯುತ್ತೆ." ಹುಕ್ಕು ಚುಚ್ಚುತ್ತೆ ಅಂತ ಒತ್ತಿದರೆ ಕೂರುವ ಟಿಚ್ ಬಟನ್ ನಿಗದಿಯಾಯಿತು.

ವಾರ ಬಿಟ್ಟು ಹೋದಾಗ ಆರು ಲಂಗೋಟಿ ಇಸ್ತ್ರಿಯಾಗಿ ಕೂತಿದ್ದವು. ಒಂದನ್ನು ಒಳಮಗ್ಗುಲು ಮಾಡಿ ತೋರಿಸುತ್ತಾ, ಎಲ್ಲ ಗಿರಾಕಿಗೂ ಹೇಳುವ ಮಾತನ್ನೇ ನನಗೂ ಹೇಳಿದರು: "ಸೈಡಲ್ಲಿ ಎರಡಿಂಚು ಬಟ್ಟೆ ಬಿಟ್ಟಿದೀನಿ ಕಣಮ್ಮ. ಮದುವೆ ಆದ್ಮೇಲೆ ದಪ್ಪ ಆದ್ರೆ ಬಿಚ್ಕಬೋದು."

೩. ತಂತಿ

ಲಂಗೋಟಿ ಒಗೆದು ಅಂಗಳದ ತಂತಿಗೆ ಹಾಕಿದ ಮೂರನೇ ದಿನ ಪಕ್ಕದ ಮನೆಯಾಕೆ ಒಂದು ಡಬ್ಬ ಹಿಡಿದು ಬಂದರು. ಒಳಗೆ ಬಾಣಂತಿಗೆ ಕೊಡುವ ಮೆಂತ್ಯದ ಉಂಡೆ.

"ಏನಮ್ಮಾ, ಹೆರಿಗೆ ಆದ್ರೂ ಒಂದ್ ಮಾತು ಹೇಳ್ಬಾರ್ದಾ? ಹೊಟ್ಟೇನೂ ಕಾಣ್ಲಿಲ್ಲ ನೋಡು!"

ಇಲ್ಲ, ಇದು ಇರುವ ಮಗಳದ್ದೇ ಅಂತ ನಾನು ತೊದಲುತ್ತಿದ್ದೆ. ಆಕೆ ಅಷ್ಟರಲ್ಲಿ ತಂತಿ ಹತ್ತಿರ ಹೋಗಿ ಒಂದು ಲಂಗೋಟಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದರು. ದಿಂಬಿನ ಚೀಲದಷ್ಟಿತ್ತು. ಅದನ್ನೊಮ್ಮೆ, ನನ್ನ ಸೊಂಟವನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಆಪರೇಷನ್ನೇ ಮಾಡಿದ್ರಾ?"

೪. ಬಿಳೀ ಪಂಚೆ

ಗೃಹಪ್ರವೇಶದ ದಿನ ಕಡೂರಿನ ಬಸ್ಸು ಗಿಜಿಗಿಜಿ. ಅತ್ತೆ, ನಾನು ಕಂಬಿ ಹಿಡಿದು ನಿಂತಿದ್ದೆವು. ಗಂಜಿ ಹಾಕಿದ ಬಿಳೀ ಪಂಚೆ, ಬಿಳೀ ಶರಟಿನ ಹಿರಿಯರೊಬ್ಬರು ಕೂತಲ್ಲಿಂದಲೇ ಕೈ ಚಾಚಿ, "ಮಗೂನ ಇಲ್ಲಿ ಕೊಡಮ್ಮ" ಅಂತ ತೊಡೆಯ ಮೇಲೆ ಕೂರಿಸಿಕೊಂಡರು. ಮಗನಿಗೆ ಹೆಣ್ಣು ನೋಡಲು ಬೀರೂರಿಗೆ ಹೊರಟಿದ್ದರಂತೆ. ಹತ್ತುವ ಮುಂಚೆ ಮಗಳು ಒಂದು ಇಡೀ ಎಳನೀರು ಕುಡಿದಿದ್ದಳು.

ಅರ್ಧ ದಾರಿಯಲ್ಲಿ ಅವಳು ಆಟ ನಿಲ್ಲಿಸಿ, ಮುಖ ಗಂಭೀರ ಮಾಡಿ, ಕಿಟಕಿಯಾಚೆ ದೂರ ನೋಡಿದಳು. ತಾಯಂದಿರಿಗೆ ಆ ನೋಟ ಗೊತ್ತು. ಅಜ್ಜಿಯರಿಗೂ ಗೊತ್ತು.

"ಆಯ್ತು. ಹೋಯ್ತು ಅವ್ರ ಸಂಬಂಧ" ಅಂದರು ಅತ್ತೆ ನನ್ನ ಕಿವಿಯಲ್ಲಿ.

ಬೀರೂರು ಬಂತು. ಆತ ಮಗುವನ್ನು ನನ್ನ ಕೈಗೆ ಕೊಟ್ಟು ಎದ್ದರು. ಅತ್ತೆ ನಾಚಿಕೆ ಬಿಟ್ಟು ಬಗ್ಗಿ ಅವರ ಪಂಚೆಯನ್ನು ಬಲಗಡೆ ನೋಡಿದರು, ಎಡಗಡೆ ನೋಡಿದರು. ಖಡಕ್ಕಾಗಿ ಒಣಗಿಯೇ ಇತ್ತು.

"ಏನಮ್ಮಾ, ಏನ್ ನೋಡ್ತಿದೀರಿ?"

ಅತ್ತೆ ನೆಟ್ಟಗಾದರು. "ಏನಿಲ್ಲ ಬುಡಿ. ಪಂಚೆ ಚೆನ್ನಾಗೈತೆ, ಹೆಣ್ಣು ಒಪ್ಕಂತಾರೆ."

೫. ಪಾಠ

ನಾದಿನಿಯ ಮನೆಯಲ್ಲಿ ಎರಡು ಗಂಟೆ ಕಾಲ ಮಗಳು ಬಿಳೀ ಟೈಲ್ಸಿನ ಮೇಲೆ ಓಡಾಡಿದಳು, ಜಾರಿದಳು, ಕೂತಳು, ಹೊರಳಿದಳು. ಒಂದು ಹನಿ ಬೀಳಲಿಲ್ಲ. ತೊಡೆಯ ಹುಣ್ಣೂ ಅಷ್ಟರಲ್ಲಿ ಒಣಗಿ ಹೋಗಿತ್ತು. ಗೆದ್ದಿದ್ದೆ. ಆದರೆ ಹತ್ತು ಗಂಟೆ ಹೊತ್ತಿಗೆ ಅತ್ತೆ ನೆಂಟರಿಗೆ, "ನಾವು ಡೈಪರ್ರು ಮನೆಗೇ ಸೇರ್ಸಲ್ಲ ಕಣ್ರೀ, ಬಟ್ಟೆ ಕಟ್ಟೋದು" ಅನ್ನುತ್ತಿದ್ದರು.

ಉಗ್ರಾಣದಲ್ಲಿ ಹೂ ಕಟ್ಟುತ್ತಿದ್ದ ಹತ್ತಿಪ್ಪತ್ತು ಹೆಂಗಸರು ಸುತ್ತುವರಿದರು. ಹೇಗೆ ಕಟ್ಟೋದು, ಹೇಗೆ ಬಿಚ್ಚೋದು? ಮಗಳನ್ನು ಹಿಡಿದು ತರಲು ಹೋದರೆ ಲಾಡು ಕಂಡ ಕಡೆ ಓಡಿಬಿಟ್ಟಳು. ಆಗ ಅತ್ತೆ ಎಲ್ಲರೆದುರು ಅಂದರು: "ನನ್ ಸೊಸೆ ಓದಿದೋಳು. ಅವಳೇ ಹೇಳ್ತಾಳೆ. ಹೇಳೇ!"

ಅತ್ತೆ ನನಗೆ ಮಾತು ಬಿಟ್ಟುಕೊಟ್ಟಿದ್ದು ನಾಲ್ಕು ವರ್ಷದಲ್ಲಿ ಮೊದಲ ಸಲ. ಸುತ್ತ ನೋಡಿದೆ. ದೃಷ್ಟಿ ತೆಗೆದು ಬಾಗಿಲಲ್ಲಿ ಒಡೆಯಲು ತಂದಿದ್ದ ಬೂದುಗುಂಬಳಕಾಯಿ ಮೂಲೆಯಲ್ಲಿತ್ತು. ಗಾತ್ರ, ತೂಕ, ದುಂಡು ಎಲ್ಲ ಮಗಳದ್ದೇ. ಎತ್ತಿ ತೊಡೆಯ ಮೇಲೆ ಮಲಗಿಸಿದೆ. ಬ್ಯಾಗಿನಲ್ಲಿದ್ದ, ಇನ್ನೂ ಒಮ್ಮೆಯೂ ಬಳಸದ ಹೊಸ ಲಂಗೋಟಿ ತೆಗೆದೆ. ಮಾತು ಎಲ್ಲಿಂದ ಬಂತೋ, ಅಚ್ಚ ಕನ್ನಡದಲ್ಲಿ ನಿಲ್ಲದೆ ಬಂತು. ಹೀಗೆ ಹಾಸಿ, ಹೀಗೆ ಮಡಚಿ, ಟಿಚ್ ಬಟನ್ ಟಕ್, ಟಕ್. ಒಬ್ಬಾಕೆ ಕುಂಬಳಕಾಯಿಯನ್ನು ಸೊಂಟಕ್ಕೆ ಏರಿಸಿಕೊಂಡು ನಡೆದು ನೋಡಿದರು. ಇನ್ನೊಬ್ಬರು ಭುಜಕ್ಕೆ ಹಾಕಿಕೊಂಡು ತಟ್ಟಿದರು.

ಅಷ್ಟರಲ್ಲಿ ಬಾಗಿಲಿಂದ ಪೂಜೆ ಮಾಡಿಸುತ್ತಿದ್ದ ಅಯ್ನೋರು ಕೂಗಿದರು: "ತಾಯೀ, ಕುಂಬಳಕಾಯಿ ತನ್ನಿ!"

ನಾನು ಬಟನ್ ಎಳೆದೆ. ಬರಲಿಲ್ಲ. ಅತ್ತೆ ಎಳೆದರು. ಇಬ್ಬರೂ ಸೇರಿ ಎಳೆದೆವು. ಹೆಂಗಸರೆಲ್ಲ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದರು.

ಅಯ್ನೋರ ದನಿ ಈಗ ನಡುಮನೆಗೇ ಬಂದಿತ್ತು: "ಹೊತ್ತು ಮೀರ್ತೈತೆ ತಾಯೀ, ಹೆಂಗೈತೋ ಹಂಗೇ ಎತ್ಕಂಡ್ ಬನ್ನಿ!"