ಹಿಂದಕ್ಕೆ ಮಾತ್ರ ಹೋಗುವ ಗಾಡಿ

ಕಜೆತಾನ್ ರಿವರ್ಸ್ ಲಿವರನ್ನು ಎಳೆದ. ಗಾಡಿ ಹಿಂದಕ್ಕೆ ಹೋಯಿತು. ಮುಂದಕ್ಕೆ ಹೋಗೋಣವೆಂದು ಅದನ್ನೇ ಒಳಕ್ಕೆ ನೂಕಿದ. ಲಟ್ಟೆಂದು ಸದ್ದಾಗಿ ಲಿವರ್ ಕೈಗೆ ಬಂತು.

ಗಾಡಿಯೆಂದರೆ ಸ್ನೋಮೊಬೈಲ್. ಹೊರಗೆ ದುಬೈ ದೋಸೆ ಕಾವಲಿಯಂತೆ ಕಾದಿರುವಾಗ, ಮಾಲ್‌ನೊಳಗಿನ ದೊಡ್ಡ ಹಾಲ್‌ನಲ್ಲಿ ಮಂಜು ಸುರಿಸಿ, ಅದರ ಮೇಲೆ ಮಕ್ಕಳ ಜಾರುಬಂಡಿಯನ್ನು ಎಳೆಯುವ ಬೈಕು ಅದು. ಮಂಜನ್ನು ಕ್ರಿಸ್ಮಸ್ ಕಾರ್ಡಿನಲ್ಲಿ ಮಾತ್ರ ಕಂಡಿದ್ದ ಮಂಗಳೂರಿನ ಕಜೆತಾನ್ ಅದರ ಡ್ರೈವರ್ ಆದದ್ದು ದೇವರ ತಮಾಷೆಯೇ ಇರಬೇಕು.

ಮುರಿಯಲು ಆ ಲಿವರಿಗೆ ಬೇರೆ ದಿನ ಸಿಗಲಿಲ್ಲ. ಅಬುಧಾಬಿಯಿಂದ ಕಂಪನಿಯ ಅರಬಾಬ್, ಅಂದರೆ ಧಣಿ, ಮೊಮ್ಮಕ್ಕಳೊಂದಿಗೆ ಬರುವುದು ಅಂದೇ ಸಂಜೆ. ಅವರನ್ನು ಜಾರುಬಂಡಿಯಲ್ಲಿ ಸುತ್ತಿಸಬೇಕಾದವನು ಕಜೆತಾನ್. "ಅರಬಾಬ್ ಬಂದು ಹೋಗ್ಲಿ, ಆಮೇಲೆ ನಿನ್ನ ಟ್ರಾನ್ಸ್‌ಫರಿಗೆ ಸೈನ್ ಹಾಕ್ತೇನೆ" ಎಂದು ಮ್ಯಾನೇಜರ್ ಫಿಡೆಲಿಸ್ ಹಿಂದಿನ ದಿನವಷ್ಟೇ ಹೇಳಿದ್ದರು.

ಟ್ರಾನ್ಸ್‌ಫರ್ ಅಬುಧಾಬಿಯ ಸಮುದ್ರದ ಬದಿಯ ಹೋಟೆಲಿಗೆ. ಹೆಂಡತಿ ಅಪೊಲೊನಿಯಾ ಅದೇ ಊರಿನಲ್ಲಿ ನರ್ಸು. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಬೇರೆ ನರ್ಸುಗಳ ಜೊತೆ ಬೆಡ್‌ಸ್ಪೇಸ್‌ನಲ್ಲಿ, ಅಂದರೆ ಒಂದು ಮಂಚದಷ್ಟು ಬಾಡಿಗೆ ಜಾಗದಲ್ಲಿ, ವಾಸ. ಮದುವೆಯಾಗಿ ವರ್ಷಗಳಾದರೂ ಇಬ್ಬರದೂ ರಜೆ ಸಿಗುವ ಶುಕ್ರವಾರದ ಸಂಸಾರ. ಕಜೆತಾನ್ ಬಸ್ಸು ಹತ್ತಿ ಹೋಗುತ್ತಿದ್ದ. ಇಗರ್ಜಿಯಲ್ಲಿ ಪೂಜೆ ಮುಗಿಸಿ ಇಬ್ಬರೂ ಅಲ್ ಮೀನಾದ ಮೀನು ಮಾರ್ಕೆಟಿಗೆ ಹೋಗಿ ಅಂಜಲ್, ಬಂಗುಡೆಗಳನ್ನು ಪ್ರೀತಿಯಿಂದ ನೋಡಿ ವಾಪಸ್ ಬರುತ್ತಿದ್ದರು. ಕೊಂಡರೆ ಬೇಯಿಸಲು ಅಡುಗೆಮನೆ ಎಲ್ಲಿ? ಹೋಟೆಲಿನ ಕೆಲಸಕ್ಕೆ ಫ್ಯಾಮಿಲಿ ರೂಮು ಸಿಗುತ್ತಿತ್ತು, ಅದಕ್ಕೊಂದು ಪುಟ್ಟ ಅಡುಗೆಮನೆಯೂ ಇತ್ತು. ಅಪೊಲೊನಿಯಾ ಆಗಲೇ ಮೀನು ಬೇಯಿಸುವ ಮಣ್ಣಿನ ಮಡಕೆ, ಬಿಸಲೆ ಒಂದನ್ನು ಊರಿಂದ ತರಿಸಿ ಮಂಚದ ಕೆಳಗೆ ಇಟ್ಟುಕೊಂಡಿದ್ದಳು.

ಮುರಿದ ಲಿವರನ್ನು ಜಾಕೆಟ್ಟಿನ ಕಿಸೆಗೆ ತುರುಕಿ, ಕಜೆತಾನ್ ಗಾಡಿಯನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಬಿಡುತ್ತ ಶೆಡ್ ಸೇರಿದ. ಗುಟ್ಟು ಗುಟ್ಟಾಗಿ ಉಳಿಯಲು ಅದೇನು ಕಾಡೇ? ಕೆಫೆಟೇರಿಯಾದ ಉಮರ್ ಬ್ಯಾರಿ ಚಹಾ ಹಿಡಿದುಕೊಂಡು ಬಂದ. ಅವನ ಬೆನ್ನಿಗೇ ಎಲೆಕ್ಟ್ರಿಷಿಯನ್ ಕೊರಗಪ್ಪ, ಟಿಕೆಟ್ ಕೌಂಟರಿನ ನ್ಯಾನ್ಸಿ.

"ಎಂತ ಪೊರ್ಬುಗಳೇ, ಗಾಡಿ ಸಿಗಡಿಯ ಹಾಗೆ ಹಿಂದೆ ಹಿಂದೆ ಹೋಗ್ತಾ ಉಂಟಲ್ಲ?" ಎಂದ ಕೊರಗಪ್ಪ, ಊರಲ್ಲಿ ಕ್ರೈಸ್ತರನ್ನು ಕರೆಯುವ ರೀತಿಯಲ್ಲೇ.

"ಮೆಲ್ಲ ಮಾತಾಡು ಮಾರಾಯ. ಲಿವರ್ ಕಟ್ಟಾಯ್ತು. ಫಿಡೆಲಿಸ್ ಸರ್‌ಗೆ ಗೊತ್ತಾದ್ರೆ ನನ್ನ ಅಬುಧಾಬಿ ಖಲಾಸ್."

"ಇಷ್ಟೇಯಾ? ಪ್ಲಾಸ್ಟಿಕ್ ಅಲ್ವಾ, ಕಾಯಿಸಿ ಅಂಟಿಸುವ!" ಕೊರಗಪ್ಪ ಕಾಯಿಸುವ ಕಡ್ಡಿ ತಂದು ಗೋಡೆಯ ಪ್ಲಗ್ಗಿಗೆ ಚುಚ್ಚಿದ. ಟಪ್ಪೆಂದಿತು. ಲಿವರ್ ಅಂಟಲಿಲ್ಲ, ಹಾಲ್‌ನ ಅರ್ಧ ದೀಪಗಳು ಆರಿದವು. ಕತ್ತಲೆಯಲ್ಲಿ ಮಕ್ಕಳು ಕಿರುಚಿದರು, ತಾಯಂದಿರು ಅವರಿಗಿಂತ ಜೋರಾಗಿ ಕಿರುಚಿದರು.

ಫಿಡೆಲಿಸ್ ಓಡಿಬಂದರು. ಕಜೆತಾನ್ ಜಾಕೆಟ್ ಬಿಚ್ಚಿ ಹ್ಯಾಂಡಲಿನ ಮೇಲೆ ಹೊದಿಸಿದ. ಚಳಿಗೂ ಭಯಕ್ಕೂ ಒಟ್ಟಿಗೇ ನಡುಗಿದ.

"ಯಾರು ಮಾಡಿದ್ದು ಇದು?"

"ನಾನೇ ಸರ್" ಎಂದು ಕೊರಗಪ್ಪ ತಲೆ ತಗ್ಗಿಸಿದ. ಲಿವರಿನ ಸುದ್ದಿ ಎತ್ತಲಿಲ್ಲ. ಬೈಗುಳವನ್ನೆಲ್ಲ ಪ್ರಸಾದದಂತೆ ಸ್ವೀಕರಿಸಿದ. ಕಜೆತಾನನ ಕಣ್ಣು ತುಂಬಿ ಬಂತು.

ದೀಪ ಬಂತು, ಸಂಜೆಯೂ ಬಂತು. ಅಂಟು ಹಚ್ಚಿದರು, ತಂತಿ ಸುತ್ತಿದರು, ಉಮರ್ ಸೌಟಿನ ಹಿಡಿ ತಂದು ತುರುಕಿ ನೋಡಿದ. ಗಾಡಿ ಮಾತ್ರ ಹಠ ಹಿಡಿದ ಎಮ್ಮೆ. ಅದಕ್ಕೆ ಗೊತ್ತಿದ್ದದ್ದು ಒಂದೇ ದಿಕ್ಕು.

"ಬ್ಯಾರಿಗಳೇ, ಹಿಂದೆ ಹೋಗುವ ಗಾಡಿ ಜಾರುಬಂಡಿ ಎಳೆಯುವುದು ಹೇಗೆ?" ಎಂದು ಕಜೆತಾನ್ ಅಳುವಂತಾದ.

ಉಮರ್ ಗಡ್ಡ ನೀವಿದ. "ಬಂಡಿಯನ್ನು ಅದರ ಮೂತಿಗೆ ಕಟ್ಟಿ. ಹಿಂದೆ ಹೋಗುವವನಿಗೆ ಮೂತಿಯೇ ಬಾಲ ಅಲ್ವಾ ಮಾರಾಯ್ರೆ?"

ಆಮೇಲೆ ಕೆಲಸ ಗಡಿಬಿಡಿಯಿಂದ ಸಾಗಿತು. ಜಾರುಬಂಡಿಯನ್ನು ಗಾಡಿಯ ಮುಂಭಾಗಕ್ಕೆ ಬಿಗಿದರು. ದಾರಿ ಕಾಣಲೆಂದು ನ್ಯಾನ್ಸಿ ತನ್ನ ಪೌಡರ್ ಡಬ್ಬಿಯ ಕನ್ನಡಿಯನ್ನು ಹ್ಯಾಂಡಲಿಗೆ ಕಟ್ಟಿದಳು. "ಒಡೆದ್ರೆ ನೋಡಿ, ನಾಳೆಯಿಂದ ನಾನು ನಿಮ್ಮ ಮುಖ ನೋಡಿ ಲಿಪ್‌ಸ್ಟಿಕ್ ಹಚ್ಚಬೇಕಾಗ್ತದೆ!" ಕೊರಗಪ್ಪ ಸೀಟಿ ಊದುತ್ತ ದಾರಿ ಬಿಡಿಸಲು ನಿಂತ.

ಅರಬಾಬ್ ಬಂದರು. ಮೊಮ್ಮಕ್ಕಳು ಬಂಡಿ ಹತ್ತಿದರು. ಕಜೆತಾನ್ ಶಿಲುಬೆಯ ಗುರುತು ಮಾಡಿ ಗಾಡಿ ಬಿಟ್ಟ. ಗಾಡಿ ಬೆನ್ನು ಮುಂದೆ ಮಾಡಿಕೊಂಡು ಹೊರಟಿತು. ಮಕ್ಕಳು ಅವನಿಗೆ ಎದುರಾಗಿಯೇ ಕುಳಿತಿದ್ದವು; ಅವನು ಹೆದರಿ ಕಣ್ಣರಳಿಸಿದಾಗಲೆಲ್ಲ ತಮ್ಮನ್ನು ನಗಿಸಲು ಮಾಡುತ್ತಿದ್ದಾನೆಂದು ತಿಳಿದು ಬಿದ್ದು ಬಿದ್ದು ನಕ್ಕವು. ತಿರುವಿನಲ್ಲಿ ಕಿರಿಯವಳು ಎದ್ದು ನಿಲ್ಲಹೊರಟಳು. ಕಜೆತಾನ್ ಕೂಡಲೇ ಬ್ರೇಕ್ ಹಾಕಿ, ಅವಳನ್ನು ಕೂರಿಸಿ, ಮತ್ತೆ ಹೊರಟ. ಸುತ್ತು ಮುಗಿದಾಗ ಇಡೀ ಹಾಲ್ ಚಪ್ಪಾಳೆ ತಟ್ಟಿತು.

ಅರಬಾಬ್ ಫಿಡೆಲಿಸರ ಭುಜ ತಟ್ಟಿ ಬಹಳ ಹೊತ್ತು ಏನೋ ಹೇಳಿ ಹೋದರು. ಕಜೆತಾನನ ಮನಸ್ಸಿನಲ್ಲಿ ಬಿಸಲೆ ಒಲೆಯೇರಿತು, ಬಂಗುಡೆ ಕುದಿಯತೊಡಗಿತು.

"ಭಲೇ ಕಜೆತಾನ್!" ಫಿಡೆಲಿಸ್ ಅವನನ್ನು ತಬ್ಬಿಕೊಂಡರು. "ಡ್ರೈವರ್ ಮಕ್ಕಳ ಮೇಲೆ ಕಣ್ಣಿಟ್ಟು ಗಾಡಿ ಬಿಡೋದು ಅರಬಾಬ್ ಎಲ್ಲಿಯೂ ನೋಡ್ಲಿಲ್ಲ ಅಂತೆ. ಇನ್ನು ದಿನಾ ಹೀಗೆಯೇ. ಗಾಡಿಗೆ ಯಾರೂ ಕೈ ಹಾಕಬಾರ್ದು, ಈ ಮನುಷ್ಯನನ್ನು ಇಲ್ಲಿಂದ ಬಿಡ್ಲೂಬಾರ್ದು ಅಂತ ಆರ್ಡರ್."

"ಸರ್, ನನ್ನ ಟ್ರಾನ್ಸ್‌ಫರ್?"

"ಕ್ಯಾನ್ಸಲ್! ಕೊರಗಪ್ಪನನ್ನು ಕಳಿಸ್ತಾ ಇದ್ದೇನೆ."

ಕಜೆತಾನನಿಗೆ ನಿಂತ ಮಂಜೇ ಕರಗಿದಂತಾಯಿತು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಕಿಸೆಯಿಂದ ಲಿವರ್ ತೆಗೆದು ಮುಂದೆ ಹಿಡಿದ. "ಸರ್, ನಾನು ಬುದ್ಧಿವಂತ ಅಲ್ಲ. ಇದು ಬೆಳಿಗ್ಗೆ ನನ್ನ ಕೈಯಲ್ಲಿ ಮುರಿದದ್ದು."

ಫಿಡೆಲಿಸ್ ಹಣೆ ಚಚ್ಚಿಕೊಂಡರು. "ಅಯ್ಯೋ ಪಾಪಿ, ಬೆಳಿಗ್ಗೆಯೇ ಬಂದು ಹೇಳ್ಬಾರ್ದಿತ್ತಾ? ಆ ಹೋಟೆಲಿಗೆ ನಾವು ಶಿಕ್ಷೆ ಅಂತ ಕಳಿಸೋದೇ ಇಲ್ಲಿ ಏನಾದ್ರೂ ಹಾಳು ಮಾಡಿದವರನ್ನು! ನೀನು ಇಷ್ಟು ವರ್ಷ ಒಂದು ಬೋಲ್ಟ್ ಸಹ ಮುರಿಯಲಿಲ್ಲ. ಹೆಂಡತಿ ಅಲ್ಲಿದ್ದಾಳೆ ಅಂತ ಕಷ್ಟದಲ್ಲಿ ನಿನ್ನ ಹೆಸರು ತುರುಕಿದ್ದೆ. ಇದನ್ನು ತೋರಿಸಿದ್ರೆ ಆಗ್ಲೇ ಗಾಡಿ ಹತ್ತಿಸಿ ಕಳಿಸ್ತಿದ್ದೆ!"

ಆಚೆ ಕೊರಗಪ್ಪ ಗೊಳೋ ಎನ್ನುತ್ತಿದ್ದ. "ಪೊರ್ಬುಗಳೇ, ಆ ಬಿಸಿಲಲ್ಲಿ ನಾನು ಹಪ್ಪಳ ಆಗಿ ಹೋಗ್ತೇನೆ!"

ಕಜೆತಾನ್ ಹೆಂಡತಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದ. ಆ ಕಡೆಯಿಂದ ಬಿಕ್ಕಿದಂಥ ಸದ್ದು ಕೇಳಿತು.

"ಅಪೊಲೊನಿಯಾ, ಅಳ್ತಾ ಇದ್ದೀಯಾ?"

ಅಳುವಲ್ಲ, ಅವಳು ತಡೆದುಕೊಂಡಿದ್ದ ನಗು ಹೊರಗೆ ಬಂತು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಕಜೆತಾನನಿಗೂ ತಡೆಯಲಾಗಲಿಲ್ಲ.

"ಇಕೊಳ್ಳಿ, ಅಬುಧಾಬಿಗೆ ಬರುವ ದಾರಿ ಈಗ ಗೊತ್ತಾಯ್ತಲ್ಲ" ಎಂದಳು ಅವಳು, ನಗುವನ್ನು ನುಂಗುತ್ತ. "ಆ ಹಾಲ್‌ನಲ್ಲಿ ಮುರಿಲಿಕ್ಕೆ ಇನ್ನು ಎಂತೆಲ್ಲ ಉಂಟು, ಸ್ವಲ್ಪ ನೋಡಿ ಹೇಳಿ."